ಗಣಕಯಂತ್ರದ ಕೊಠಡಿಗೆ ತಂತಿ ಎಳೆದ ಬಗೆ

(ಶತಮಾನೋತ್ಸವ ವರ್ಷದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ತುಂಬಿದ ಶಾಲೆಯ ಸಭೆಯಲ್ಲಿ ಸ್ಥಾಪಕರನ್ನೂ ಹಿಂದಿನ ಗುರುಗಳನ್ನೂ ಸ್ಮರಿಸುವುದು ವಾಡಿಕೆ. ಆ ಪುಣ್ಯಕಾರ್ಯವನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಸೊಗಸಾಗಿ ನೆರವೇರಿಸಿದ್ದಾರೆ. ನಮಗೆ ವಹಿಸಿರುವ ವಿಷಯ ಅಷ್ಟು ಘನವಾದುದಲ್ಲ. ಹಳೆ ವಿದ್ಯಾರ್ಥಿ ಸಂಘದವರು ಕೊಡುಗೆಯಾಗಿ ಕೊಟ್ಟ ಹನ್ನೆರಡು ಗಣಕಯಂತ್ರಗಳನ್ನು ತಂತಿಯ ಮೂಲಕ ಅಂತರ್ಜಾಲಕ್ಕೆ ಜೋಡಿಸಿದ ಬಗೆಯನ್ನು ಹೇಳಬೇಕೆಂಬುದು ಸಮಿತಿಯವರ ಅಪೇಕ್ಷೆ. ಕಳೆದ ಸಭೆಯಲ್ಲಿ ಹೆತ್ತವರೊಬ್ಬರು ಎದ್ದು ನಿಂತು, “ಎಲ್ಲ ಕಡೆ ವೈ-ಫೈ ಇರುವ ಈ ಕಾಲದಲ್ಲಿ ಗೋಡೆ ಕೊರೆದು ತಂತಿ ಎಳೆಯುವುದು ಏಕೆ ಟೀಚರ್?” ಎಂದು ಕೇಳಿದ್ದರು. ಅಂದು ಸಮಯವಿರಲಿಲ್ಲ, ಸರಿಯಾದ ಉತ್ತರ ಕೊಡಲಾಗಲಿಲ್ಲ. ಇಂದು ಆ ಸಾಲವನ್ನು ತೀರಿಸಬೇಕಾಗಿದೆ.

ನಾವು ಕನ್ನಡದಲ್ಲಿ ಎಂ.ಎ. ಮಾಡಿದವರು. ಬಿ.ಎಡ್. ಓದುವಾಗ ಗಣಕಯಂತ್ರದ ಚಿತ್ರವನ್ನು ಚಾರ್ಟಿನ ಮೇಲೆ ಬಿಡಿಸಿ ಅಂಕ ಪಡೆದದ್ದುಂಟು, ಯಂತ್ರವನ್ನು ಮುಟ್ಟಿದ್ದಿಲ್ಲ. ಈ ರಾಜ್ಯದಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಯಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಈ ನಡುವೆ ತರಬೇತಿಗಳಿಗೆ ಹೋಗಿ ಬಂದೆವು. ಗಡಿನಾಡಿನ ಅಧ್ಯಾಪಕರ ಪಾಡು ನಿಮಗೆಲ್ಲ ತಿಳಿದದ್ದೇ: ಕಿವಿಯಿಂದ ಮಲಯಾಳದಲ್ಲಿ ಕೇಳಬೇಕು, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಓದಬೇಕು, ಶಾಲೆಗೆ ಬಂದು ಕನ್ನಡದಲ್ಲಿ ಹೇಳಬೇಕು. ಹೀಗೆ ಮೂರು ಹೊಳೆ ದಾಟಿ ಬರುವಷ್ಟರಲ್ಲಿ ಕೈಯಲ್ಲಿದ್ದುದರಲ್ಲಿ ಅರ್ಧ ನೀರಿನಲ್ಲಿ ಹೋಗಿರುತ್ತಿತ್ತು. ನಿಜ ಹೇಳುವುದಾದರೆ ನಮಗೆ ಭಯವಿತ್ತು. ಏನಾದರೂ ಕೆಟ್ಟರೆ ಯಾರು ಹೊಣೆ ಎಂಬ ಭಯದಿಂದ, ಇದ್ದ ನಾಲ್ಕು ಯಂತ್ರಗಳಿಗೆ ಬಟ್ಟೆ ಹೊದಿಸಿ, ಕೊಠಡಿಗೆ ಬೀಗ ಹಾಕಿ, ಕೀಲಿಕೈಯನ್ನು ನಮ್ಮ ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡಿದ್ದೆವು. ಯಾರೋ ಹೇಳಿ ಮಾಡಿದ್ದಲ್ಲ. ಆ ತಪ್ಪು ಸಂಪೂರ್ಣವಾಗಿ ನಮ್ಮದೇ.

ಆ ಬೀಗ ತೆರೆದದ್ದು 2019ರ ಜೂನ್ ತಿಂಗಳ ನಡುಭಾಗದ ಒಂದು ಮಳೆಯ ದಿನದಿಂದಾಗಿ.

ಶಾಲೆ ತೆರೆದ ಆರನೆಯ ಕೆಲಸದ ದಿನ ಎಂದರೆ ನಮ್ಮ ಅಧ್ಯಾಪಕರಿಗೆ ಎದೆ ಬಡಿತ ಹೆಚ್ಚುತ್ತದೆ. ಆ ದಿನದ ಮಕ್ಕಳ ಸಂಖ್ಯೆಯೇ ಆ ವರ್ಷದ ಅಧ್ಯಾಪಕ ಹುದ್ದೆಗಳನ್ನು ನಿರ್ಣಯಿಸುವಂಥದು. ಸಂಖ್ಯೆಯನ್ನು ‘ಸಂಪೂರ್ಣ’ ಎಂಬ ತಂತ್ರಾಂಶದಲ್ಲಿ ಆ ಸಂಜೆಯೊಳಗೆ ದಾಖಲಿಸಬೇಕು. ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಂದು ವಿಭಾಗ; 31 ಆದರೆ ಎರಡು. ಎಷ್ಟೋ ವರ್ಷಗಳ ತರುವಾಯ ನಮ್ಮ ಒಂದನೆಯ ತರಗತಿಯಲ್ಲಿ ಅಂದು 31 ಮಕ್ಕಳಿದ್ದರು. ಮೂವತ್ತೊಂದನೆಯದು, ಕೆಂಪುಕಲ್ಲಿನ ಕೋರೆಯ ಕೆಲಸಕ್ಕಾಗಿ ಉತ್ತರ ಕರ್ನಾಟಕದಿಂದ ಬಂದಿದ್ದ ಕುಟುಂಬದ ಹೆಣ್ಣುಮಗು. ಹಿಂದಿನ ದಿನ ಸಂಜೆಯಷ್ಟೇ ತಂದೆ ಕರೆತಂದು ಸೇರಿಸಿ ಹೋಗಿದ್ದರು. ಅದರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ತಂತ್ರಾಂಶದಲ್ಲಿ ಇನ್ನೂ ಏರಿರಲಿಲ್ಲ. ಆ ಒಂದು ಹೆಸರು ಏರಿದರೆ ಒಬ್ಬ ಕನ್ನಡ ಅಧ್ಯಾಪಿಕೆಯ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಆಕೆ ಅಂದು ನಮ್ಮ ಕಚೇರಿಯ ಬಾಗಿಲಲ್ಲೇ ನಿಂತಿದ್ದರು. ಒಂದು ಮಾತನ್ನೂ ಆಡಲಿಲ್ಲ.

ಬೆಳಗ್ಗೆ ಹತ್ತಕ್ಕೆ ಕಚೇರಿಯ ಗಣಕಯಂತ್ರ ತೆರೆದರೆ ಅಂತರ್ಜಾಲ ಇಲ್ಲ. ಮೋಡೆಮ್ಮಿನಲ್ಲಿ ದೀಪಗಳು ಎಂದಿನಂತೆ ಉರಿಯುತ್ತಿವೆ. ಯಂತ್ರವನ್ನು ಆರಿಸಿ ಹೊತ್ತಿಸಿದೆವು, ಮೋಡೆಮ್ಮನ್ನು ಆರಿಸಿ ಹೊತ್ತಿಸಿದೆವು, ದೇವರನ್ನೂ ನೆನೆದೆವು. ದುರಸ್ತಿಯವರಿಗೆ ಕರೆ ಮಾಡಿದರೆ ದಾರಿಯಲ್ಲಿ ಮರ ಬಿದ್ದಿದೆ, ನಾಳೆ ಬರುವೆ ಎಂದರು. ಮೊಬೈಲಿನಲ್ಲಿ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಶಾಲೆ ಗುಡ್ಡದ ತಗ್ಗಿನಲ್ಲಿದೆ. ಸಿಗ್ನಲ್ ಬೇಕಾದರೆ ಆಟದ ಬಯಲಿನ ಆಚೆ ಮಾವಿನ ಮರದ ಬುಡಕ್ಕೆ ಹೋಗಬೇಕು. ಅಂದು ಅಲ್ಲಿಯೂ ಸಿಗಲಿಲ್ಲ. ಸಹೋದ್ಯೋಗಿಯೊಬ್ಬರು ಮಳೆಯಲ್ಲೇ ಸ್ಕೂಟರಿನಲ್ಲಿ ಪೇಟೆಯ ಅಕ್ಷಯ ಕೇಂದ್ರಕ್ಕೆ ಹೋದರು. ಅಲ್ಲಿ ಕರೆಂಟೇ ಇರಲಿಲ್ಲ. ಮಧ್ಯಾಹ್ನದ ಗಂಜಿ ಯಾರಿಗೂ ಗಂಟಲಿನಲ್ಲಿ ಇಳಿಯಲಿಲ್ಲ.

ಮೂರು ಗಂಟೆ ಕಳೆದ ಮೇಲೆ, ತಮ್ಮನನ್ನು ಕರೆದೊಯ್ಯಲು ಹುಡುಗಿಯೊಬ್ಬಳು ಬಂದಳು. ನಮ್ಮಲ್ಲೇ ಏಳನೆಯವರೆಗೆ ಓದಿ, ಹತ್ತಿರದ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಹೋಗುತ್ತಿದ್ದವಳು. ಮಳೆಯ ಕಾರಣದಿಂದ ಅವರ ಶಾಲೆ ಬೇಗ ಬಿಟ್ಟಿತ್ತು. ನಮ್ಮ ಮುಖಗಳನ್ನು ನೋಡಿ, “ಏನಾಯಿತು ಟೀಚರ್?” ಎಂದಳು. ಹೇಳಿದೆವು. ಕೊಡೆಯನ್ನು ಮೂಲೆಯಲ್ಲಿಟ್ಟು ಮೇಜಿನ ಕೆಳಗೆ ಬಗ್ಗಿದಳು. ಅವಳು ಆ ಶಾಲೆಯ ‘ಲಿಟ್ಲ್ ಕೈಟ್ಸ್’ ತಂಡದ ಸದಸ್ಯೆ. ಪ್ರೌಢಶಾಲೆಯ ಮಕ್ಕಳಿಗೆ ಗಣಕಯಂತ್ರದ ಕೆಲಸ ಕಲಿಸುವ ಆ ತಂಡಗಳು ಹಿಂದಿನ ವರ್ಷ, 2018ರಲ್ಲಿ, ಆರಂಭವಾಗಿದ್ದವು.

“ಟೀಚರ್, ಇದರಲ್ಲಿ ಬೆಳಕೇ ಇಲ್ಲವಲ್ಲ!”

ನಾವು ಬೆಳಗ್ಗಿನಿಂದ ಪರದೆಯನ್ನೇ ನೋಡುತ್ತಿದ್ದೆವು. ಯಂತ್ರದ ಬೆನ್ನನ್ನು ನೋಡಿರಲಿಲ್ಲ. ತಂತಿ ಸಿಕ್ಕಿಸುವ ಕಿಂಡಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ದೀಪವಿರುತ್ತದೆ. ತಂತಿಯ ಎರಡೂ ತುದಿಗಳು ಸರಿಯಾಗಿ ಕೂತಿದ್ದರೆ ಅದು ಉರಿಯುತ್ತದೆ, ಮಾಹಿತಿ ಹರಿಯುವಾಗ ಮಿಣುಕುತ್ತದೆ. ನಮ್ಮದು ಕತ್ತಲೆ. ಜ್ಯಾಕಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಗುಡಿಸುವಾಗ ಪೊರಕೆ ತಾಗಿ ಜ್ಯಾಕ್ ಒಂದೆಳ್ಳಿನಷ್ಟು ಹಿಂದೆ ಸರಿದಿತ್ತು. ಒತ್ತಿದಳು. ದೀಪ ಹತ್ತಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ‘ಸಂಪೂರ್ಣ’ ತೆರೆಯಲಿಲ್ಲ!

ಇಲ್ಲಿ ನಾವಾಗಿದ್ದರೆ ಕೈಬಿಡುತ್ತಿದ್ದೆವು. ಮಾಡಿದ ಕೆಲಸದಿಂದ ಫಲ ಸಿಗದಿದ್ದರೆ ಆ ಕೆಲಸವೇ ತಪ್ಪು ಎಂದು ತಿಳಿಯುವುದು ಮನುಷ್ಯ ಸ್ವಭಾವ. ಆ ಹುಡುಗಿ ಹಾಗೆ ತಿಳಿಯಲಿಲ್ಲ. “ತಂತಿ ಸರಿಯಾಯಿತು ಟೀಚರ್, ಇನ್ನು ವಿಳಾಸ ನೋಡಬೇಕು” ಎಂದಳು. ಪರದೆಯ ಬಲ ಮೂಲೆಯನ್ನು ಒತ್ತಿ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್, ಅದರಲ್ಲಿ ‘ವಯರ್ಡ್’ ಎಂಬುದರ ಎದುರಿನ ಹಲ್ಲುಚಕ್ರದ ಗುರುತು, ಅದರೊಳಗೆ ‘ಐಪಿವಿ4’ ಎಂಬ ಪುಟ. ಅಲ್ಲಿ ‘ಮ್ಯಾನ್ಯುವಲ್’ ಎಂದಿತ್ತು. ಎಂದೋ ಯಾರೋ ಕೈಯಾರೆ ಬರೆದಿಟ್ಟ ಅಂಕಿಗಳು: ಯಂತ್ರದ ವಿಳಾಸ 192.168.0.10, ಹೊರಹೋಗುವ ಬಾಗಿಲಿನ ವಿಳಾಸ 192.168.0.1. ಬೇಸಗೆಯ ರಜೆಯಲ್ಲಿ ಹಳೆಯ ಮೋಡೆಮ್ ಕೆಟ್ಟು ಹೊಸತನ್ನು ಹಾಕಿದ್ದರು. ಹೊಸದರ ವಿಳಾಸ ಅದರ ಬೆನ್ನಿನ ಚೀಟಿಯಲ್ಲೇ ಅಚ್ಚಾಗಿತ್ತು, 192.168.1.1. ಶಾಲೆ ತೆರೆದ ಮೇಲೆ ಐದು ದಿನವೂ ನಾವು ಕಚೇರಿಯ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮಾಡಿದ್ದೆವು, ಅದನ್ನು ಹಿಂದಿನ ಸಂಜೆ ದುರಸ್ತಿಗೆ ಕೊಟ್ಟಿದ್ದೆವು. ಹೀಗಾಗಿ ಈ ಎರಡನೆಯ ತೊಡಕು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಂತ್ರವು, ಕೆಡವಿ ಹಾಕಿದ ಮನೆಯ ಬಾಗಿಲನ್ನು ಬಡಿಯುತ್ತಿತ್ತು. ಹುಡುಗಿ ‘ಮ್ಯಾನ್ಯುವಲ್’ ಇದ್ದುದನ್ನು ‘ಆಟೊಮ್ಯಾಟಿಕ್’ ಮಾಡಿ, ‘ಅಪ್ಲೈ’ ಒತ್ತಿ, ಸಂಪರ್ಕವನ್ನು ಒಮ್ಮೆ ಆರಿಸಿ ಹೊತ್ತಿಸಿದಳು. ಗಂಟೆ ನಾಲ್ಕು ದಾಟಿತ್ತು. ಪುಟ ತೆರೆಯಿತು. ಮೂವತ್ತೊಂದನೆಯ ಹೆಸರನ್ನು ಆ ಅಧ್ಯಾಪಿಕೆಯೇ ಟೈಪ್ ಮಾಡಿದರು.

ಹೆತ್ತವರೇ, ಮರುದಿನ ನಾವು ಸೆಳೆಖಾನೆಯಿಂದ ಕೀಲಿಕೈ ತೆಗೆದೆವು.

ಇನ್ನು ವಿಷಯಕ್ಕೆ ಬರೋಣ. ಅಂದಿನಿಂದ ನಾವು ಕಲಿತದ್ದನ್ನು ಮಕ್ಕಳೊಡನೆ ಕನ್ನಡದಲ್ಲಿ ಬರೆದು ಗಣಕಯಂತ್ರದ ಕೊಠಡಿಯ ಗೋಡೆಗೆ ಅಂಟಿಸಿದ್ದೇವೆ. ನೀವು ಹೋಗಿ ನೋಡಬಹುದು. ಹುಡುಕುವ ಕ್ರಮ ಎಂದೂ ಹೊರಗಿನಿಂದ ಒಳಗಲ್ಲ, ಹತ್ತಿರದಿಂದ ದೂರಕ್ಕೆ. ಮೊದಲು ದೀಪ ಉರಿಯುತ್ತಿದೆಯೇ? ಆಮೇಲೆ ಯಂತ್ರಕ್ಕೆ ವಿಳಾಸ ಸಿಕ್ಕಿದೆಯೇ? ಸಿಕ್ಕಿದ್ದರೆ ಮೋಡೆಮ್ಮನ್ನು ಕರೆದರೆ ಓಗೊಡುತ್ತದೆಯೇ? ಇದಕ್ಕೆ ‘ಪಿಂಗ್’ ಎಂಬ ಆಜ್ಞೆಯಿದೆ. ‘ಪಿಂಗ್’ ಎಂದು ಬರೆದು ಮುಂದೆ ವಿಳಾಸ ಬರೆದರೆ, ಅಂಗಳದಲ್ಲಿ ನಿಂತು ಕೂಗಿದಂತೆ. ಅತ್ತಲಿಂದ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಮಿಲಿಸೆಕೆಂಡುಗಳಲ್ಲಿ ತೋರಿಸುತ್ತದೆ. ಮೋಡೆಮ್ ಓಗೊಟ್ಟರೆ ಹೊರಲೋಕದ ಒಂದು ವಿಳಾಸವನ್ನು, ಉದಾಹರಣೆಗೆ 8.8.8.8 ಎಂಬುದನ್ನು, ಕರೆಯಬೇಕು. ಅದೂ ಓಗೊಟ್ಟು, ಹೆಸರು ಬರೆದರೆ ಮಾತ್ರ ಪುಟ ತೆರೆಯದಿದ್ದರೆ ದೋಷವಿರುವುದು ಡಿ.ಎನ್.ಎಸ್. ಎಂಬುದರಲ್ಲಿ. ಹೆಸರು ಹೇಳಿದರೆ ಸಂಖ್ಯೆ ಹುಡುಕಿ ಕೊಡುವ ವ್ಯವಸ್ಥೆ ಅದು. ಹಿಂದೆ ದೂರವಾಣಿಯ ಪಕ್ಕದಲ್ಲಿ ತೂಗುತ್ತಿದ್ದ ಡೈರೆಕ್ಟರಿಯಂತೆ.

ವಿಳಾಸದ ಸಂಗತಿಯನ್ನು ಮಕ್ಕಳಿಗೆ ತಿಳಿಸಲು ನಾವು ಅಂಚೆಯಣ್ಣನ ಸಹಾಯ ಪಡೆದೆವು. ಊರಿನ ಹೆಸರೂ ಮನೆಯ ಸಂಖ್ಯೆಯೂ ಇದ್ದರೆ ತಾನೇ ಕಾಗದ ತಲಪುವುದು? 192.168.1 ಎಂಬುದು ಊರು. ಕೊನೆಯ ಅಂಕಿ ಮನೆ. ಎಲ್ಲಿಯವರೆಗೆ ಊರು, ಎಲ್ಲಿಂದ ಮನೆ ಎಂದು ತಿಳಿಸುವುದು 255.255.255.0 ಎಂಬ ಸಬ್‌ನೆಟ್ ಮಾಸ್ಕ್. ಮಕ್ಕಳು ಇದಕ್ಕೆ ‘ಗಡಿಗೆರೆ’ ಎಂದು ಹೆಸರಿಟ್ಟರು. 1956ರ ನವೆಂಬರ್ 1ರಂದು ನಿದ್ದೆಯಲ್ಲಿದ್ದಾಗಲೇ ರಾಜ್ಯ ಬದಲಾದ ಊರಿನ ಮೊಮ್ಮಕ್ಕಳಿಗೆ ಆ ಪದ ತಾನಾಗಿ ಬಾಯಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಗಡಿಗೆರೆಯ ಒಳಗಿನವರೊಡನೆ ನೇರವಾಗಿ ಮಾತು. ಹೊರಗಿನವರಿಗೆ ಹೇಳಬೇಕಾದರೆ ‘ಗೇಟ್‌ವೇ’ ಎಂಬ ಬಾಗಿಲಿನ ಮೂಲಕ ಹೋಗಬೇಕು. 192.168ರಿಂದ ಆರಂಭವಾಗುವ ಸಂಖ್ಯೆಗಳು ಖಾಸಗಿ ಬಳಕೆಗಾಗಿ ಮೀಸಲಿಟ್ಟವು. ನಮ್ಮ ಶಾಲೆಯಲ್ಲಿಯೂ ಇವೆ, ನಿಮ್ಮ ಮನೆಯ ಮೋಡೆಮ್ಮಿನಲ್ಲಿಯೂ ಇರಬಹುದು, ಒಂದಕ್ಕೊಂದು ತೊಂದರೆಯಿಲ್ಲ. ಐಪಿವಿ4 ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳಷ್ಟೇ ಸಾಧ್ಯ. ಲೋಕದ ಯಂತ್ರಗಳಿಗೆಲ್ಲ ಅವು ಸಾಲವು. ಆದುದರಿಂದಲೇ ಈ ಒಳವಿಳಾಸಗಳ ಏರ್ಪಾಡು.

ವಿಳಾಸಗಳನ್ನು ನಾವೇ ಕೊಡಬೇಕೇ, ಮೋಡೆಮ್ ಕೊಡಲಿ ಎಂದು ಬಿಡಬೇಕೇ? ಮೋಡೆಮ್ಮೇ ಕೊಡುವ ವಿಧಾನಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ನಮ್ಮ ಉತ್ಸಾಹಿ ಆರನೆಯ ತರಗತಿಯವರು ಒಮ್ಮೆ ತಾವೇ ಕೊಡುವುದೆಂದು ಹೊರಟು ತಮ್ಮ ತಮ್ಮ ಹಾಜರಿ ಸಂಖ್ಯೆಯನ್ನೇ ಯಂತ್ರಗಳಿಗೆ ಹಾಕಿದರು. ಎ ವಿಭಾಗದಲ್ಲಿಯೂ ಹದಿನಾಲ್ಕನೆಯವನಿದ್ದಾನೆ, ಬಿ ವಿಭಾಗದಲ್ಲಿಯೂ ಹದಿನಾಲ್ಕನೆಯವಳಿದ್ದಾಳೆ! ಎರಡು ಯಂತ್ರಗಳಿಗೆ ಒಂದೇ ವಿಳಾಸ. ಒಮ್ಮೆ ಇದು ನಡೆಯುವುದು, ಒಮ್ಮೆ ಅದು, ಒಮ್ಮೊಮ್ಮೆ ಎರಡೂ ಇಲ್ಲ. ಎರಡು ದಿನ ಜಗಳವಾಯಿತು. ಈಗ ಎಲ್ಲ ಯಂತ್ರಗಳಿಗೂ ಮೋಡೆಮ್ಮೇ ವಿಳಾಸ ಕೊಡುತ್ತದೆ. ಪ್ರಿಂಟರಿಗೆ ಮಾತ್ರ, ಎಲ್ಲರೂ ಹುಡುಕಿ ಬರುವ ಮನೆಯಾದುದರಿಂದ, ಮೋಡೆಮ್ ಹಂಚುವ ಸಾಲಿನಿಂದ ಹೊರಗಿರುವ ಒಂದು ಖಾಯಂ ಸಂಖ್ಯೆ ಕೊಟ್ಟಿದ್ದೇವೆ. ಇಷ್ಟು ಮಾಡಿದರೆ ಸಾಮಾನ್ಯ ಶಾಲೆಗೆ ಬೇರೇನೂ ಬೇಡ.

ಈಗ ತಂತಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಬೇಕು, ಏಕೆಂದರೆ ನಮಗೆ ಬಹಳ ಇಷ್ಟವಾದ ಭಾಗ ಇದೇ.

ಗಣಕಯಂತ್ರಗಳನ್ನು ಹೀಗೆ ಜೋಡಿಸುವ ಪದ್ಧತಿಗೆ ಈಥರ್ನೆಟ್ ಎಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಅವರು 1973ರ ಮೇ 22ರಂದು ಬರೆದ ಟಿಪ್ಪಣಿಯಲ್ಲಿ ಇದರ ರೂಪುರೇಷೆಯಿತ್ತು. ಡೇವಿಡ್ ಬಾಗ್ಸ್ ಅವರೊಡನೆ ಸೇರಿ ಅದನ್ನು ಕಟ್ಟಿದರು. ಅವರಿಗೆ ಪ್ರೇರಣೆ ಹವಾಯಿ ದ್ವೀಪಗಳಲ್ಲಿನ ಅಲೋಹಾ ಜಾಲ. ಅದು 1971ರಲ್ಲಿ ದ್ವೀಪದಿಂದ ದ್ವೀಪಕ್ಕೆ ರೇಡಿಯೊ ಅಲೆಗಳ ಮೂಲಕ ಮಾಹಿತಿ ಕಳುಹಿಸುತ್ತಿತ್ತು. ಅಂದರೆ ತಂತಿಯಿಲ್ಲದ ಜಾಲವನ್ನು ನೋಡಿ ತಂತಿಯ ಜಾಲ ಹುಟ್ಟಿತು. ತಂತಿ ಹಳೆಯ ಕಾಲದ್ದು, ವೈ-ಫೈ ಹೊಸ ಕಾಲದ್ದು ಎನ್ನುವವರಿಗೆ ಇದು ತಿಳಿದಿರಲಿ. ಹಿಂದಿನವರು ನಂಬಿದ್ದ, ಬೆಳಕನ್ನು ಸಾಗಿಸುವ ‘ಈಥರ್’ ಎಂಬ ಕಲ್ಪಿತ ಮಾಧ್ಯಮದಿಂದ ಆ ಹೆಸರು ಬಂತು. ಈಥರ್ ಇಲ್ಲವೆಂದು ವಿಜ್ಞಾನ ಹೇಳಿತು. ಹೆಸರು ಮಾತ್ರ ಉಳಿಯಿತು.

ಇಂದಿನ ತಂತಿಯ ಹೊರ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆಗಳು, ಎರಡೆರಡು ಹೊಸೆದ ನಾಲ್ಕು ಜೋಡಿಗಳಾಗಿ. ಜಡೆ ಹೆಣೆದಂತೆ ಹೀಗೆ ಹೊಸೆಯುವುದು ಅಂದಕ್ಕಲ್ಲ. ಹೊರಗಿನ ವಿದ್ಯುತ್ತಿನ ಗದ್ದಲ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುತ್ತದೆ. ಯಂತ್ರವು ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ ಸಮನಾದ ಗದ್ದಲ ಕಳೆದುಹೋಗುತ್ತದೆ. ಆದುದರಿಂದ ಜ್ಯಾಕ್ ಕೂಡಿಸುವಾಗ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಎಳೆಗಳ ಕ್ರಮವನ್ನು ನಮ್ಮ ಮಕ್ಕಳು ಮಗ್ಗಿಯಂತೆ ಹೇಳುತ್ತಾರೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸುರು, ನೀಲಿ, ಬಿಳಿ-ನೀಲಿ, ಹಸುರು, ಬಿಳಿ-ಕಂದು, ಕಂದು. ನಡುವಿನ ನೀಲಿ ಜೋಡಿಯನ್ನು ಹಸುರು ಜೋಡಿ ಇಬ್ಬದಿಯಿಂದ ಅಪ್ಪಿಕೊಂಡಿದೆ ಎಂಬುದನ್ನು ನೆನಪಿಟ್ಟರೆ ತಪ್ಪಾಗದು. ಎರಡೂ ತುದಿಗಳಲ್ಲಿ ಇದೇ ಕ್ರಮ ಇರಬೇಕು. ಎಂಟನ್ನೂ ಸಾಲಾಗಿ ಹಿಡಿದು, ಒಂದೇ ಉದ್ದಕ್ಕೆ ಕತ್ತರಿಸಿ, ಆರ್‌ಜೆ 45 ಜ್ಯಾಕಿನೊಳಗೆ ಕೊನೆಮುಟ್ಟ ತಳ್ಳಿ, ಇಕ್ಕಳದಿಂದ ಒತ್ತಬೇಕು. ಹೊರಸಿಪ್ಪೆಯೂ ಸ್ವಲ್ಪ ಒಳಗೆ ಹೋಗಿ ಹಿಡಿದಿರಬೇಕು. ಇಲ್ಲವಾದರೆ ಎಳೆದಾಗ ಎಳೆಗಳೇ ಕಿತ್ತು ಬರುತ್ತವೆ. ಎಳೆಗಳಲ್ಲಿ ನಾಲ್ಕು ಮಾತ್ರ ತಾಗಿದ್ದರೂ ಕೆಲವೊಮ್ಮೆ ಸಂಪರ್ಕ ಬರುತ್ತದೆ, ಆದರೆ ಸೆಕೆಂಡಿಗೆ 100 ಮೆಗಾಬಿಟ್ಟಿನ ವೇಗ ಮಾತ್ರ. 1000ಕ್ಕೆ ಎಂಟೂ ಬೇಕು. ‘ದೀಪ ಉರಿಯುತ್ತದೆ, ಆದರೆ ನಿಧಾನ’ ಎಂಬ ದೂರಿಗೆ ಬಹುಮಟ್ಟಿಗೆ ಇದೇ ಕಾರಣವೆಂದು ನಾವು ಕಂಡುಕೊಂಡೆವು.

ಮೊದಲ ಭಾನುವಾರ ಹಳೆ ವಿದ್ಯಾರ್ಥಿಗಳಲ್ಲಿ ಇಬ್ಬರು ವಿದ್ಯುತ್ ಕೆಲಸದವರು ಬಂದು ಕಲಿಸಿದರು. ನಾವು ಮಾಡಿದ ಮೊದಲ ಮೂರು ಜ್ಯಾಕುಗಳು ಕಸದ ಬುಟ್ಟಿಗೆ ಹೋದವು. ನಾಲ್ಕನೆಯದು ನಡೆಯಿತು. ಐವತ್ತು ದಾಟಿದ ಕಣ್ಣಿಗೆ ಬಿಳಿ-ಕಂದನ್ನೂ ಬಿಳಿ-ಕಿತ್ತಳೆಯನ್ನೂ ಟ್ಯೂಬ್‌ಲೈಟಿನಲ್ಲಿ ಬೇರ್ಪಡಿಸುವುದು ಸುಲಭವಲ್ಲ. ಏಳನೆಯ ತರಗತಿಯ ಹುಡುಗನೊಬ್ಬ, ಓದಿನಲ್ಲಿ ಹಿಂದೆಂದು ನಾವೇ ಹಲವು ಬಾರಿ ಗದರಿದವನು, ಮೊದಲ ಸಲಕ್ಕೇ ತಪ್ಪಿಲ್ಲದ ಜ್ಯಾಕ್ ಮಾಡಿದ. ಅವನ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಬೆರಳುಗಳಿಗೆ ಅಳತೆ ಗೊತ್ತಿತ್ತು. ಅಂದಿನಿಂದ ಆ ಕೊಠಡಿಯ ಇಕ್ಕಳ ಅವನ ವಶದಲ್ಲಿತ್ತು.

ಒಂದು ತಂತಿ ಹೆಚ್ಚೆಂದರೆ 100 ಮೀಟರ್ ಹೋಗಬಹುದು. ಅದಕ್ಕಿಂತ ಉದ್ದವಾದರೆ ಮಾತು ತೊದಲುತ್ತದೆ. ಕಚೇರಿಯಿಂದ ಗಣಕಯಂತ್ರದ ಕೊಠಡಿಗೆ ಗೋಡೆ ಬಳಸಿ ಹೋದರೆ ಸುಮಾರು 70 ಮೀಟರ್. ಅಲ್ಲಿ ‘ಸ್ವಿಚ್’ ಇಟ್ಟಿದ್ದೇವೆ. ಇದು ದೀಪದ ಸ್ವಿಚ್ ಅಲ್ಲ, ಒಂದು ತಂತಿಯಲ್ಲಿ ಬಂದುದನ್ನು ಹಲವು ತಂತಿಗಳಿಗೆ, ಯಾರಿಗೆ ಸೇರಬೇಕೋ ಅವರಿಗೇ ಹಂಚುವ ಪೆಟ್ಟಿಗೆ. ವಿದ್ಯುತ್ ತಂತಿಯ ಕೊಳವೆಯಲ್ಲಿ ಇದನ್ನು ತೂರಿಸಬಾರದು, ಎರಡೂ ದೂರದಲ್ಲಿರಬೇಕು. ಎದುರಾದರೆ ಅಡ್ಡವಾಗಿ ದಾಟಬೇಕು. ಅಗ್ಗದ ತಂತಿಯ ಬಗ್ಗೆಯೂ ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿ ಮಾರುತ್ತಾರೆ, ಚಾಕುವಿನಿಂದ ಕೆರೆದು ನೋಡಿದರೆ ಬೆಳ್ಳಗೆ ಕಾಣುತ್ತದೆ. ನಾವು ಒಮ್ಮೆ ಮೋಸ ಹೋದೆವು. ಅಳಿಲುಗಳು ಮಾತ್ರ ಈ ಭೇದ ಮಾಡುವುದಿಲ್ಲ. ಮಾಡಿನ ಹಂಚಿನ ಕೆಳಗೆ ಎರಡನ್ನೂ ಸಮಾನ ರುಚಿಯಿಂದ ಕಡಿಯುತ್ತವೆ. ಈಗ ತಂತಿ ಪಿ.ವಿ.ಸಿ. ಕೊಳವೆಯೊಳಗಿದೆ.

ಅತಿ ದೊಡ್ಡ ಪಾಠ ಕಲಿಸಿದ್ದು ಸಿಡಿಲು. ನಮ್ಮ ಕಡೆ ತುಲಾ ಮಾಸದ ಸಂಜೆಯ ಗುಡುಗು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಅಕ್ಟೋಬರಿನ ಸಂಜೆ ಅಂಗಳದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿಯ ಮೂಲಕ ಅದರ ಬಿಸಿ ಒಳಗೆ ಬಂದು ಸ್ವಿಚ್ಚಿನ ಕೆಲವು ಕಿಂಡಿಗಳೂ ಒಂದು ಗಣಕಯಂತ್ರವೂ ಸುಟ್ಟುಹೋದವು. ಮಕ್ಕಳು ಮನೆಗೆ ಹೋಗಿದ್ದರು, ಅದೊಂದೇ ಸಮಾಧಾನ. ತಿಳಿದವರು ಹೇಳಿದರು: ಕಟ್ಟಡದಿಂದ ಕಟ್ಟಡಕ್ಕೆ ಹೋಗುವಲ್ಲಿ ತಾಮ್ರ ಬೇಡ, ಗಾಜಿನ ಎಳೆಯ ಆಪ್ಟಿಕಲ್ ಫೈಬರ್ ಹಾಕಿ, ಅದರಲ್ಲಿ ಹರಿಯುವುದು ಬೆಳಕು, ಸಿಡಿಲಿನ ವಿದ್ಯುತ್ತು ಅದನ್ನು ಹಿಡಿದು ಬಾರದು. ಈ ಬಾರಿ ಹಳೆ ವಿದ್ಯಾರ್ಥಿಗಳ ಹಣದಲ್ಲಿ ಮೊದಲು ಮಾಡಿಸಿದ್ದು ಅದನ್ನೇ. ಎರಡು ತುದಿಗಳಲ್ಲಿ ಬೆಳಕನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಬೆಳಕಾಗಿ ಮಾರ್ಪಡಿಸುವ ಪುಟ್ಟ ಪೆಟ್ಟಿಗೆಗಳಿವೆ. ಆದರೂ ಮೋಡ ಕವಿದರೆ ವಿದ್ಯುತ್ ಪ್ಲಗ್ಗುಗಳನ್ನೂ ಮೋಡೆಮ್ಮಿಗೆ ಹೊರಗಿನಿಂದ ಬರುವ ತಂತಿಯನ್ನೂ ಕೀಳುವುದು ಕೊನೆಯ ಗಂಟೆಯ ಅಧ್ಯಾಪಕರ ಕರ್ತವ್ಯ. ಗುಡುಗು ಆರಂಭವಾದ ಮೇಲೆ ಯಾರೂ ಮುಟ್ಟಬಾರದು.

ಈಗ ಆ ಹೆತ್ತವರ ಪ್ರಶ್ನೆಗೆ ಉತ್ತರ. ವೈ-ಫೈ ಕೂಡ ನಮ್ಮಲ್ಲಿದೆ. ಅಧ್ಯಾಪಕರ ಕೊಠಡಿಯಲ್ಲಿ ಅದೇ ಅನುಕೂಲ. ಆದರೆ ನಮ್ಮದು ಕೆಂಪುಕಲ್ಲಿನ ಗೋಡೆ. ಹಿರಿಯರು ಒಂದು ಮೊಳ ದಪ್ಪಕ್ಕೆ ಕಟ್ಟಿಸಿದ್ದಾರೆ. ಎರಡು ಗೋಡೆ ದಾಟುವಷ್ಟರಲ್ಲಿ ಅಲೆಗಳು ಬಳಲುತ್ತವೆ. ಹನ್ನೆರಡು ಯಂತ್ರಗಳು ಒಂದೇ ಬಾರಿಗೆ ಪಾಠದ ವಿಡಿಯೊ ತೆರೆದರೆ ಗಾಳಿಯಲ್ಲಿ ಎಲ್ಲರೂ ಒಂದೇ ಓಣಿಯಲ್ಲಿ ನುಗ್ಗಬೇಕಾಗುತ್ತದೆ. ತಂತಿಯಲ್ಲಿ ಕೊಠಡಿಯೊಳಗೆ ಪ್ರತಿಯೊಂದಕ್ಕೂ ಅದರದೇ ದಾರಿಯಿದೆ. ಹೊರಗಿನ ಸಂಪರ್ಕ ಒಂದೇ ಆಗಿರುವುದರಿಂದ ತಂತಿ ಎಳೆದ ಮಾತ್ರಕ್ಕೆ ಅದು ಹಿಗ್ಗುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2020ರ ಜೂನ್ 1ರಿಂದ ಮಕ್ಕಳು ಮನೆಯಲ್ಲೇ ಉಳಿದು ‘ಫಸ್ಟ್ ಬೆಲ್’ ತರಗತಿಗಳನ್ನು ನೋಡಬೇಕಾಗಿ ಬಂದಾಗ, ಕನ್ನಡ ಮಾಧ್ಯಮದ ಪಾಠಗಳನ್ನು ನಾವು ಈ ತಂತಿಯ ಸಂಪರ್ಕದಲ್ಲಿ ಇಳಿಸಿಕೊಂಡು, ಪೆನ್‌ಡ್ರೈವಿಗೆ ತುಂಬಿಸಿ, ಸಿಗ್ನಲ್ ಇಲ್ಲದ ಮನೆಗಳಿಗೆ ಕೊಟ್ಟೆವು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಶಾಲೆಯ ಗೇಟಿನ ಬಳಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತಿರಿ.

ಇನ್ನೊಂದು ಮಾತು ಮನಸ್ಸಿನಲ್ಲಿದೆ, ಹೇಳಿಬಿಡುತ್ತೇವೆ. ಕನ್ನಡ ಶಾಲೆಯಲ್ಲಿ ಕಲಿತರೆ ಕಂಪ್ಯೂಟರ್ ಬಾರದು ಎಂದು ಮಕ್ಕಳನ್ನು ಬಸ್ಸು ಹತ್ತಿಸಿದವರು ನಮ್ಮ ಊರಿನಲ್ಲಿದ್ದಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ. ಕೊಠಡಿಗೆ ಬೀಗ ಹಾಕಿ ಕೀಲಿಕೈ ಇಟ್ಟುಕೊಂಡವರು ನಾವೇ ಅಲ್ಲವೇ? ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ ಮಾತನಾಡುವ ಮಕ್ಕಳು ಇಲ್ಲಿಗೆ ಬಂದು ‘ಗಡಿಗೆರೆ’, ‘ಹೊರಬಾಗಿಲು’, ‘ಕರೆದು ನೋಡು’ ಎಂದು ಕನ್ನಡದಲ್ಲಿ ಯಂತ್ರದ ಬಗ್ಗೆ ಮಾತನಾಡುವುದನ್ನು ನೀವೊಮ್ಮೆ ಬಂದು ಕೇಳಬೇಕು. ಪ್ರೌಢಶಾಲೆಗೆ ಹೋದ ಮೇಲೆ ‘ಸಬ್‌ನೆಟ್ ಮಾಸ್ಕ್’ ಎಂಬ ಇಂಗ್ಲಿಷ್ ಹೆಸರನ್ನು ಕಲಿಯಲು ಅವರಿಗೆ ಅರ್ಧ ನಿಮಿಷ ಸಾಕಾಗುತ್ತದೆ. ವಸ್ತು ಮೊದಲೇ ಗೊತ್ತಿದೆಯಲ್ಲ.

ಆ ಮೂವತ್ತೊಂದನೆಯ ಮಗುವಿನ ವಿಚಾರವನ್ನು ಹಲವರು ಕೇಳುತ್ತಾರೆ. ಆ ವರ್ಷ ಎರಡನೆಯ ವಿಭಾಗ ಉಳಿಯಿತು, ಅಧ್ಯಾಪಿಕೆಯೂ ಉಳಿದರು. ಮುಂದಿನ ವರ್ಷ ಆ ಕುಟುಂಬ ಊರು ಬಿಟ್ಟಿತು. ಕೋರೆಯ ಕೆಲಸ ನಿಂತಿತ್ತು. ಸಂಖ್ಯೆ ಮತ್ತೆ ಕುಸಿಯಿತು, ಅಧ್ಯಾಪಿಕೆ ಬೇರೆ ಶಾಲೆಗೆ ಹೋದರು. ಅವರು ಇಂದು ಈ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಹೆಸರು ಹೇಳಬೇಡಿ ಎಂದಿದ್ದಾರೆ, ಆದ್ದರಿಂದ ಹೇಳುವುದಿಲ್ಲ. ಮೇಜಿನ ಕೆಳಗೆ ಬಗ್ಗಿದ ಹುಡುಗಿ ಪಾಲಿಟೆಕ್ನಿಕ್ ಸೇರಿದಳು. ಮುರಿದ ಕೊಕ್ಕೆಯ ಆ ಜ್ಯಾಕನ್ನು ಮಕ್ಕಳು ಒಂದು ಬೆಂಕಿಪೊಟ್ಟಣದಲ್ಲಿಟ್ಟು ಕೊಠಡಿಯ ಕಪಾಟಿನಲ್ಲಿ ಇರಿಸಿದ್ದಾರೆ.

ಕೆಲಸ ಇನ್ನೂ ಮುಗಿದಿಲ್ಲ. ಹನ್ನೆರಡರಲ್ಲಿ ಒಂಬತ್ತು ಯಂತ್ರಗಳಿಗೆ ತಂತಿ ಎಳೆದಾಗಿದೆ; ವಾಚನಾಲಯದಲ್ಲಿರುವ ಮೂರಕ್ಕೆ ಬಾಕಿಯಿದೆ. ಬರುವ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಆ ಕೆಲಸ. ತಂತಿ, ಜ್ಯಾಕುಗಳು, ಇಕ್ಕಳ ಎಲ್ಲವೂ ಸಿದ್ಧವಾಗಿವೆ. ಒಂದು ಎತ್ತರದ ಏಣಿ ಬೇಕಾಗಿದೆ. ಯಾರ ಮನೆಯಲ್ಲಾದರೂ ಇದ್ದರೆ ಶುಕ್ರವಾರ ಸಂಜೆಯೊಳಗೆ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ಕಣ್ಣು ಸರಿಯಿರುವವರು ಯಾರಾದರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು.